ಲೆಗಾಸ್ಪಿಯಲ್ಲಿ ನೀನು ಹಾಕಿಸಿದ ಊಟ

ತಬಾಕೊ
ಜೂನ್ 18, 2019

ಸೆಲ್ಮೊ,

ನಿನ್ನ ಕ್ಷೇಮ ವಿಚಾರಿಸುವುದಿಲ್ಲ. ನೀನು ಕ್ಷೇಮವಾಗಿರುವುದನ್ನು ಹೋದ ವಾರ ಎದುರಿಗೆ ಕೂತು ಕಣ್ಣಾರೆ ನೋಡಿದ್ದೇನೆ. ಹೊಟ್ಟೆ ಬಂದಿದೆ. ಕೂದಲಿಗೆ ಬಣ್ಣ ಹಚ್ಚಿಸಿಕೊಂಡಿದ್ದೀಯ, ಹಚ್ಚಿದವನು ಕಿವಿಯ ಹಿಂದೆ ಒರೆಸುವುದನ್ನು ಮರೆತಿದ್ದಾನೆ. ನಾನೂ ಚೆನ್ನಾಗಿದ್ದೇನೆ. ಮತ್ತೆ ಔಷಧಿ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದೇನೆ.

ನೀನು ಫೋನ್ ಮಾಡಿದಾಗಲೆಲ್ಲ ನನ್ನ ತಂಗಿ ಇಸ್ಯಾಂಗ್ ಎತ್ತಿಕೊಂಡು, ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಎಂದಳಲ್ಲ, ಆಗೆಲ್ಲ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಇಷ್ಟು ಸ್ನಾನ ಮಾಡುವವಳು ತಬಾಕೊದಲ್ಲಿ ಇನ್ನೊಬ್ಬಳಿಲ್ಲ ಎಂದು ನಿನಗೂ ಅನಿಸಿರಬೇಕು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ನೀನು ಕೇಳಿದ್ದಕ್ಕೆ ಉತ್ತರ ಇದರಲ್ಲಿದೆ. ಆದರೆ ಮೊದಲು ಬೇರೆ ಕೆಲವು ಮಾತು ಹೇಳಬೇಕು.

ನೀನು ಕರೆದಾಗ ನಾನು ಎಷ್ಟು ಸಂತೋಷಪಟ್ಟೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ನಮ್ಮ ಪುಟ್ಟ ರೊಸೆಲ್ ಹೋದ ಮೇಲೆ ನಾವಿಬ್ಬರೂ ಒಂದು ಸೂರಿನಡಿ ಇದ್ದದ್ದು ಎರಡೇ ವಾರ. ಆಮೇಲೆ ನೀನು ಇನ್ನೊಂದು ಹಡಗು ಹತ್ತಿದೆ, ನಾನು ಮನಿಲಾದ ಮನೆಗೆ ಬೀಗ ಹಾಕಿ ಅಮ್ಮನ ಮನೆಗೆ ಬಂದೆ. ಹನ್ನೆರಡು ವರ್ಷ ನೀನು ಕರೆಯಲಿಲ್ಲ, ನಾನೂ ಬರಲಿಲ್ಲ. ಕ್ರಿಸ್‌ಮಸ್‌ಗೆ ಒಂದು ಶುಭಾಶಯ, ಅದೂ ಎಲ್ಲರಿಗೂ ಕಳಿಸುವಂಥದ್ದು. ಹಾಗಿರುವಾಗ ಒಂದು ದಿನ ಇದ್ದಕ್ಕಿದ್ದಂತೆ ನಿನ್ನ ದನಿ: "ನೋರಿಂಗ್, ಲೆಗಾಸ್ಪಿಗೆ ಬರ್ತಿದೀನಿ. ಒಳ್ಳೇ ಹೋಟ್ಲು ನೋಡಿದೀನಿ. ಮೂರು ದಿನ ಆರಾಮಾಗಿ ಇರೋಣ, ನಿಮ್ಮೂರ ಅಡುಗೆ ತಿನ್ನೋಣ, ಮಾತಾಡೋಣ."

ಇಸ್ಯಾಂಗ್ ಕೇಳಿದವಳೇ ನಕ್ಕಳು. "ಇಷ್ಟು ವರ್ಷ ಆದ್ಮೇಲೆ ಗಂಡ ಹೋಟ್ಲಿಗೆ ಕರೀತಿದಾನೆ ಅಂದ್ರೆ ಎರಡೇ ಕಾರಣ ಕಣಕ್ಕ. ಒಂದೋ ಅವ್ನಿಗೆ ಕ್ಯಾನ್ಸರ್, ಇಲ್ಲಾ ಇನ್ನೊಬ್ಳು" ಎಂದಳು. ನಾನು ಅವಳಿಗೆ ಬೈದೆ. ಬೈದು, ಮಾರನೆಯ ದಿನ ಸಂತೆಬೀದಿಗೆ ಹೋಗಿ ನೀಲಿ ಅಂಗಿ ಕೊಂಡುಕೊಂಡೆ. ಅದನ್ನು ನೀನು ಗಮನಿಸಲಿಲ್ಲ. ಗಮನಿಸಿದ್ದರೆ ಇನ್ನೂ ಕಷ್ಟವಾಗುತ್ತಿತ್ತು, ಇರಲಿ ಬಿಡು.

ನೀನು ಬೇರೆ ಬೇರೆ ಕೋಣೆ ತೆಗೆದುಕೊಂಡಿದ್ದೆ. ಅದನ್ನೂ ನಾನು ನಿನ್ನ ಮರ್ಯಾದೆ ಎಂದೇ ತಿಳಿದೆ. ಇವನು ಆತುರಪಡುತ್ತಿಲ್ಲ, ನನಗೆ ಸಮಯ ಕೊಡುತ್ತಿದ್ದಾನೆ ಎಂದುಕೊಂಡು ಆ ದೊಡ್ಡ ಬಿಳಿ ಹಾಸಿಗೆಯ ಮೇಲೆ ಕೂತು ಹುಡುಗಿಯಂತೆ ಕಾಲು ಆಡಿಸಿದೆ.

ಕೋಣೆ ಚೆನ್ನಾಗಿತ್ತು ಸೆಲ್ಮೊ. ಸುಳ್ಳು ಹೇಳಲಾರೆ. ಇಲ್ಲಿ ನಾವು ಇವತ್ತಿಗೂ ಕೈಪಂಪು ಒತ್ತಿ ನೀರು ತುಂಬಿಸಿಕೊಳ್ಳುವವರು. ಅಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು, ಮಲಗುವಷ್ಟು ಉದ್ದದ ತೊಟ್ಟಿ. ಬೆರಳ ತುದಿಯೆಲ್ಲ ಸುಕ್ಕಾಗುವ ತನಕ ಅದರಲ್ಲಿ ಬಿದ್ದುಕೊಂಡಿದ್ದೆ. ದಿಂಬು ಎಷ್ಟು ಮೆತ್ತಗಿತ್ತೆಂದರೆ ತಲೆ ಇಟ್ಟ ಕೂಡಲೇ ಯಾರೋ ಎರಡೂ ಕೈಯಲ್ಲಿ ಹಿಡಿದುಕೊಂಡ ಹಾಗೆ. ಕಿಟಕಿಯ ತುಂಬ ಮಯೋನ್ ಬೆಟ್ಟ. ಹುಟ್ಟಿದಾಗಿನಿಂದ ನೋಡಿದ್ದೇನೆ ಅದನ್ನು, ಆದರೆ ಯಾವಾಗಲೂ ಅದರ ಇನ್ನೊಂದು ಮಗ್ಗುಲಿನಿಂದ. ಬಟ್ಟೆ ಒಣಗಿ ಹಾಕುವಾಗ, ಬಸ್ಸಿಗೆ ಓಡುವಾಗ. ತಂಪು ಕೋಣೆಯಲ್ಲಿ ಮಲಗಿಕೊಂಡು ಅದನ್ನು ನೋಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಊಟ. ಮೊದಲ ಸಂಜೆ ನಾನು ಕೆಳಗೆ ಇಳಿದು ಬರುವಷ್ಟರಲ್ಲಿ ನೀನು ಎಲ್ಲವನ್ನೂ ಹೇಳಿಟ್ಟಿದ್ದೆ. ಕೆಸುವಿನ ಎಲೆಯಲ್ಲಿ ಸೀಗಡಿ, ಮಾಂಸ, ತೆಂಗಿನ ತುರಿ ಇಟ್ಟು ಗಂಟು ಕಟ್ಟಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಪಿನಾಂಗಟ್. ಸುಟ್ಟ ತೆಂಗಿನಕಾಯಿಯ ಹಾಲಿನಲ್ಲಿ ಮಾಡಿದ ಕೋಳಿ, ಹೊಗೆಯ ವಾಸನೆ ಮೇಜಿನ ತನಕ ಬರುತ್ತಿತ್ತು. ಒಂದು ಬಟ್ಟಲು ಲಾಯಿಂಗ್, ನಮ್ಮೂರ ಕೆಸುವಿನೆಲೆಯ ಪಲ್ಯ. ಎಣ್ಣೆ ಬಿಟ್ಟುಕೊಂಡು, ಮೇಲೆ ಹಸಿಮೆಣಸಿನಕಾಯಿ ಮಲಗಿಸಿ.

ಲಾಯಿಂಗ್ ನೋಡಿ ನಾನು ನಿನ್ನ ಮುಖ ನೋಡಿದೆ. ಮದುವೆಯಾದ ಹೊಸದರಲ್ಲಿ, ಉತ್ತರದ ಕಡೆಯ ಇಲೋಕೋಸ್‌ನಲ್ಲಿ ನಿನ್ನ ಅಮ್ಮನ ಮನೆಯಲ್ಲಿ ನಾನು ಅದನ್ನು ಒಲೆಯ ಮೇಲಿಟ್ಟಿದ್ದಾಗ, ಕೆಸುವಿನ ಎಲೆ ಬೇಯುವಾಗ ಕಲಕಬಾರದು ಎಂದು ಹೇಳಿದರೂ ಕೇಳದೆ ನೀನು ಸೌಟು ಹಾಕಿ ತಿರುವಿಬಿಟ್ಟೆ. ಮನೆಮಂದಿಗೆಲ್ಲ ಗಂಟಲು ತುರಿಕೆ. ನಿನ್ನ ಅಮ್ಮ, "ನಿಮ್ಮೂರಲ್ಲಿ ಮನುಷ್ಯರು ತಿನ್ನೋದಾ ಇದು?" ಎಂದರು. ಆಮೇಲೆ ನಮ್ಮ ಮನೆಯಲ್ಲಿ ನಾನು ಅದನ್ನು ನನಗೊಬ್ಬಳಿಗೇ ಮಾಡಿಕೊಳ್ಳುತ್ತಿದ್ದೆ, ನೀನು ಮೂಗು ಮುಚ್ಚಿಕೊಂಡು ಆಚೆ ಹೋಗುತ್ತಿದ್ದೆ. ಆ ಸಂಜೆ ಮಾತ್ರ ನೀನು ಮೂರು ಸಲ ಹಾಕಿಸಿಕೊಂಡೆ. "ಇಷ್ಟು ರುಚಿ ಅಂತ ಗೊತ್ತೇ ಇರ್ಲಿಲ್ಲ ನೋಡು. ಎಷ್ಟು ವರ್ಷ ಹಾಳು ಮಾಡ್ಕೊಂಡೆ" ಎಂದೆ. ನೀನು ಲಾಯಿಂಗ್ ಬಗ್ಗೆ ಮಾತ್ರ ಹೇಳುತ್ತಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಎಂಥ ದಡ್ಡಿ ನಾನು.

ಅದೇ ಮೇಜಿಗೆ ಗ್ರಿಸೆಲ್ಡಾ ಮೇಡಂ ಬಂದರು. ನೀನು ಎದ್ದು ಕುರ್ಚಿ ಎಳೆದುಕೊಟ್ಟೆ. "ನಮ್ಮ ಕ್ಯಾಪ್ಟನ್ ಹೆಂಡ್ತಿಯ ಅಕ್ಕ. ಇದೇ ಹೋಟ್ಲಲ್ಲಿ ಇಳ್ಕೊಂಡಿದಾರೆ. ಪಾಪ, ಒಬ್ರೇ ಊಟ ಮಾಡ್ತಾರೆ, ನಾನೇ ಕರ್ದೆ" ಎಂದೆ. ಬಿಳಿ ಕೂದಲು, ಮೆತ್ತಗಿನ ಮಾತು, ಮುತ್ತಿನ ಓಲೆ. ನನ್ನ ತಟ್ಟೆಗೆ ತಾವೇ ಪಿನಾಂಗಟ್ ಬಡಿಸಿದರು. ನಿದ್ದೆ ಚೆನ್ನಾಗಿ ಬರುತ್ತದೆಯೇ ಎಂದು ಕೇಳಿದರು. ಇಲ್ಲಿನ ಹಾಸಿಗೆಯಲ್ಲಿ ಬರದೇ ಇರುತ್ತದೆಯೇ ಎಂದೆ. "ಇಲ್ಲಿ ಅಲ್ಲಮ್ಮ, ಮನೇಲಿ" ಎಂದರು.

ಮಾರನೆಯ ದಿನದ ಮಧ್ಯಾಹ್ನದ ಊಟ ನಿನಗೆ ನೆನಪಿದೆಯೋ ಇಲ್ಲವೋ. ತೊರಕೆ ಮೀನನ್ನು ಬೇಯಿಸಿ ಎಳೆ ಎಳೆಯಾಗಿ ಬಿಡಿಸಿ ನುಗ್ಗೆಸೊಪ್ಪು, ತೆಂಗಿನ ಹಾಲು ಹಾಕಿ ಮಾಡಿದ ಕಿನುನೊಟ್ ಇತ್ತು. ನನ್ನ ಅಮ್ಮನ ಕೈಯ ಅಡುಗೆಗೆ ಅಷ್ಟು ಹತ್ತಿರದ ರುಚಿಯನ್ನು ಅಮ್ಮ ಸತ್ತ ಮೇಲೆ ನಾನು ಉಂಡಿರಲಿಲ್ಲ. ಹಂದಿಮಾಂಸವನ್ನು ರಾಶಿ ಮೆಣಸಿನಕಾಯಿಯಲ್ಲಿ ಬೇಯಿಸಿದ್ದಿತ್ತು, ಬಡಿಸುವ ಹುಡುಗಿ ನಿನ್ನ ಮಾತಿನ ಧಾಟಿ ಕೇಳಿ, "ಸರ್ ಇಲೋಕೋಸ್‌ನವ್ರಾ? ಹಂಗಾದ್ರೆ ಖಾರ ತಡ್ಯಲ್ಲ, ನೀರಿನ ಜಗ್ ಇಲ್ಲೇ ಇಟ್ಟಿರ್ತೀನಿ" ಎಂದು ತಮಾಷೆ ಮಾಡಿದಳು. ಎಲ್ಲರೂ ನಕ್ಕೆವು. ನಾನು ನಿಜವಾಗಿಯೂ ಸುಖವಾಗಿದ್ದೆ ಸೆಲ್ಮೊ. ಬೆವರು, ಕಣ್ಣೀರು, ಸಿಂಬಳ ಒಟ್ಟಿಗೇ ಸುರಿಯುತ್ತ ತಿನ್ನುತ್ತಿದ್ದೆ. ನೀನು ನಿನ್ನ ಕರ್ಚೀಫು ಕೊಟ್ಟೆ.

ಕೊನೆಗೆ ಸಿಹಿ ಬಂತು. ತೆಂಗಿನ ಹಾಲಿನಲ್ಲಿ ಅಕ್ಕಿ ಉಂಡೆ, ಬಾಳೆಹಣ್ಣು, ಗೆಣಸು ಹಾಕಿ ಕುದಿಸಿದ್ದು. ನಾನು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಅದನ್ನು ಗ್ರಿಸೆಲ್ಡಾ ಮೇಡಂ ಕಂಡರು.

"ಸಿಹಿ ತಿನ್ನಲ್ವಾ?" ಎಂದರು.

"ತಿಂತೀನಿ ಮೇಡಂ. ಇದೊಂದನ್ನ ತಿನ್ನಲ್ಲ."

"ಯಾಕೆ, ಯಾರಾದ್ರೂ ನೆನಪಾಗ್ತಾರಾ?"

ಆಗ ನಾನು ಹೇಳಿದೆ. ರೊಸೆಲ್‌ಗೆ ಐದು ವರ್ಷವಾಗಿತ್ತು ಎಂದೆ. ಡೆಂಗಿ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ ಹಾಸಿಗೆ ಸಾಲದೆ ಒಂದೇ ಮಂಚದಲ್ಲಿ ಇನ್ನೊಂದು ಮಗುವಿನ ಜೊತೆ ಅಡ್ಡಡ್ಡ ಮಲಗಿಸಿದ್ದರು ಎಂದೆ. ಬಾಯಿ ಒಣಗಿದೆ, ಮನೆಗೆ ಹೋದ ಮೇಲೆ ಅಕ್ಕಿ ಉಂಡೆಯ ಸಿಹಿ ಮಾಡಿಕೊಡು ಎಂದು ಕೇಳಿದಳು, ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ, ಉಂಡೆ ಸಣ್ಣದಿರಲಿ ಎಂದು ಬೆರಳಲ್ಲಿ ಅಳತೆ ತೋರಿಸಿದಳು ಎಂದೆ. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ನನಗೆ ತೆಂಗಿನಕಾಯಿ ಒಡೆಯಲು ಆಗಲಿಲ್ಲ. ಕೈಗೆ ಎತ್ತಿಕೊಂಡರೆ ಒಳಗೆ ನೀರು ಅಲ್ಲಾಡುವ ಸದ್ದಿಗೇ ಕೆಳಗಿಟ್ಟುಬಿಡುತ್ತಿದ್ದೆ. ತಿಂಗಳುಗಟ್ಟಲೆ ಒಲೆ ಹಚ್ಚಲಿಲ್ಲ. ಅಕ್ಕಪಕ್ಕದವರು ತಂದಿಟ್ಟದ್ದನ್ನು ತಿಂದೆ, ಕೆಲವು ದಿನ ಅದೂ ಇಲ್ಲ. ತಲೆ ಬಾಚಲಿಲ್ಲ. ಅವಳ ಸಣ್ಣ ಚಪ್ಪಲಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ನೀನು ರಜೆಗೆ ಬಂದಾಗಲೂ ನಾನು ಹಾಗೇ ಇದ್ದೆ. ನೀನು ಎರಡು ವಾರ ಬ್ರೆಡ್ಡು ತಿಂದುಕೊಂಡು ಇದ್ದು ಹೋದೆ. ಇದನ್ನೆಲ್ಲ ಹೇಳಿದೆ.

ಗ್ರಿಸೆಲ್ಡಾ ಮೇಡಂ ನನ್ನ ಕೈ ಹಿಡಿದುಕೊಂಡಿದ್ದರು. ನೀನು ಆಗ ಏನು ಮಾಡಿದೆ ಎಂದು ನಿನಗೆ ಹೇಳಬೇಕು, ಏಕೆಂದರೆ ನಿನಗೆ ಅದು ಗೊತ್ತೇ ಆಗಿರಲಿಕ್ಕಿಲ್ಲ. ನಾನು ಸರಿಸಿದ ಬಟ್ಟಲನ್ನು ನೀನು ನಿನ್ನ ಕಡೆಗೆ ಎಳೆದುಕೊಂಡೆ. "ಸುಮ್ನೆ ಯಾಕೆ ವೇಸ್ಟ್ ಮಾಡೋದು" ಎಂದೆ. ಚಮಚ ಹಾಕಿ ತಳ ಕೆರೆದು ತಿಂದೆ.

ಅವಳ ಕೊನೆಯ ದಿನಗಳನ್ನು ನೀನು ಕೇಳಿದ್ದು ಅದೇ ಮೊದಲು. ಹಿಂದೆ ಯಾವತ್ತೂ ನೀನು ಕೇಳಿರಲಿಲ್ಲ, ಬೇಡ, ಬೇಡ ಎಂದು ಎದ್ದು ಹೋಗುತ್ತಿದ್ದೆ. ಈ ಸಲ ಎದ್ದು ಹೋಗಲಿಲ್ಲವಲ್ಲ ಎಂದು ನಾನು ಆ ಬಟ್ಟಲನ್ನೂ ಕ್ಷಮಿಸಿಬಿಟ್ಟೆ.

ಮೂರನೆಯ ಬೆಳಗ್ಗೆ ಗ್ರಿಸೆಲ್ಡಾ ಮೇಡಂ ಕಾಣಲಿಲ್ಲ. ನೀನು ಕಿಟಕಿ ಪಕ್ಕದ ಮೇಜು ಹಿಡಿದು ಕೂತಿದ್ದೆ. ಬೆಳ್ಳುಳ್ಳಿ ಅನ್ನ, ಒಣಮೀನು, ಮೊಟ್ಟೆ. ನಾನು ನೀಲಿ ಅಂಗಿಯನ್ನು ಎರಡನೆಯ ಸಲ ಹಾಕಿಕೊಂಡಿದ್ದೆ. ಮನಿಲಾದ ಮನೆಯ ಬೀಗ ತೆಗೆಯೋಣ ಎಂದು ನೀನು ಹೇಳಿದರೆ ಏನು ಹೇಳಬೇಕು, ಎಷ್ಟು ಹೊತ್ತು ಬೇಡವೆನ್ನಬೇಕು ಎಂದು ಲೆಕ್ಕ ಹಾಕಿಕೊಂಡು ಮೆಟ್ಟಿಲು ಇಳಿದಿದ್ದೆ.

ನೀನು ಆ ಹೆಸರು ಹೇಳಿದೆ. ಮೇಲಿನ್. ಕವಿಟೆಯಲ್ಲಿ ನರ್ಸು. ನಿನಗೂ ಅವಳಿಗೂ ಎಂಟು ವರ್ಷದ ಮಗ ಇದ್ದಾನೆ. ಅವಳಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿದೆ. ನಿನ್ನನ್ನು ಕರೆದುಕೊಂಡು ಹೋಗಬೇಕೆಂದರೆ ನೀನು ಅವಳ ಗಂಡನಾಗಬೇಕು. ಅದಕ್ಕೆ ಮೊದಲು ನನ್ನ ಗಂಡ ಆಗಿರಲೇ ಇಲ್ಲ ಎಂದು ಆಗಬೇಕು. ನಮ್ಮ ದೇಶದಲ್ಲಿ ವಿಚ್ಛೇದನ ಇಲ್ಲವಲ್ಲ, ಮದುವೆಯನ್ನೇ ಬೇರು ಸಹಿತ ಕಿತ್ತು ಹಾಕಬೇಕು.

"ಕೋರ್ಟಿಗೆ ಕಾರಣ ಬೇಕು ನೋರಿಂಗ್. ಇಬ್ರಲ್ಲಿ ಒಬ್ರಿಗೆ ಸಂಸಾರ ಮಾಡೋ ಮನಸ್ಥಿತಿ ಇರ್ಲಿಲ್ಲ ಅಂತ ತೋರಿಸ್ಬೇಕು. ಗ್ರಿಸೆಲ್ಡಾ ಮೇಡಂ ಮನಶ್ಶಾಸ್ತ್ರದ ಡಾಕ್ಟ್ರು. ಅವ್ರು ವರದಿ ಬರ್ಕೊಡ್ತಾರೆ."

"ಯಾರ ಬಗ್ಗೆ?" ಎಂದೆ.

ನೀನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ. ಮೂಲೆಯ ತನಕ ಒಂದೇ ಸಮ ಹಚ್ಚಿ ಮುಗಿಸಿದ ಮೇಲೆ, "ನಿನ್ ಬಗ್ಗೆ" ಎಂದೆ.

"ಮಗು ಸತ್ತು ಅತ್ತಿದ್ದು ರೋಗಾನಾ?"

"ಹಂಗಲ್ವೇ. ನಿಂಗೆ ಅದು ಮದ್ವೆ ಆದಾಗ್ಲೇ ಒಳಗೆ ಇತ್ತು, ಆಮೇಲೆ ಹೊರಗೆ ಬಂತು ಅಂತ ಬರೀತಾರೆ. ಕಾನೂನಿಗೆ ಹಂಗೇ ಬೇಕಂತೆ. ಬರೀ ಮಾತು ಕಣೆ ಅದು. ನಿನ್ನ ಯಾರೂ ಹುಚ್ಚಿ ಅನ್ನಲ್ಲ."

ಮದುವೆಯಾದಾಗಲೇ ಇತ್ತಂತೆ. ಅಂದರೆ ರೊಸೆಲ್ ಹುಟ್ಟುವುದಕ್ಕೂ ಮೊದಲೇ ನಾನು ಅವಳಿಗಾಗಿ ಅಳುವುದನ್ನು ಒಳಗೆ ಇಟ್ಟುಕೊಂಡು ನಿನ್ನ ಜೊತೆ ಇಗರ್ಜಿಯ ಮೆಟ್ಟಿಲು ಹತ್ತಿದ್ದೆ. ಅವಳು ಸಾಯುವುದೊಂದು ಬಾಕಿ ಇತ್ತು, ನನ್ನ ರೋಗ ಹೊರಗೆ ಬರಲು.

ಆ ಕೋಪದಲ್ಲೇ ನಾನು ಕೇಳಿದ್ದು. "ಆವತ್ತು ನಿನ್ನ ಹಡಗಿನವ್ರು ನಿನ್ನ ಕಳಿಸಿಕೊಟ್ಟಿದ್ರೆ, ನೀನು ನನ್ನ ಪಕ್ಕ ನಿಂತ್ಕೊಂಡು ಅವಳನ್ನ ಮಣ್ಣು ಮಾಡಿದ್ರೆ, ನಾನು ಹಂಗೆ ಆಗ್ತಿದ್ನಾ?"

ನೀನು ಚಾಕು ಕೆಳಗಿಟ್ಟೆ. ಬಹುಶಃ ನೀನು ಹೇಳಬೇಕೆಂದು ಬಂದ ಮಾತಲ್ಲ ಅದು. ಬಾಯಿ ತಪ್ಪಿ ಬಂತು.

"ಕಳಿಸಿದ್ರು ನೋರಿಂಗ್. ರೋಟರ್‌ಡ್ಯಾಮ್‌ನಲ್ಲಿ ಟಿಕೆಟ್ ಕೈಗೇ ಕೊಟ್ರು. ಕ್ಯಾಪ್ಟನ್ ಟ್ಯಾಕ್ಸಿ ತನಕ ಬಂದ್ರು. ನಾನೇ ಹತ್ಲಿಲ್ಲ. ನಂಗೆ ಆಗ್ಲಿಲ್ಲ. ನಿನ್ನ ಮುಖ ನೋಡೋಕೆ, ಆ ಸಣ್ಣ ಪೆಟ್ಟಿಗೆ ನೋಡೋಕೆ ನಂಗೆ ಆಗ್ಲಿಲ್ಲ."

ಹಡಗಿನವರು ಬಿಡಲಿಲ್ಲ ಎಂದು ನೀನು ಆಗ ಹೇಳಿದ್ದನ್ನು ನಂಬಿ, ಹನ್ನೆರಡು ವರ್ಷ ನಾನು ಆ ಹಡಗಿನ ಕಂಪನಿಯನ್ನು ಶಪಿಸಿದ್ದೇನೆ. ಅವರ ಹೆಸರು ಬರೆದ ಟೋಪಿ ಹಾಕಿಕೊಂಡು ಯಾವನಾದರೂ ಅಂಗಡಿಗೆ ಬಂದರೆ ಅವನಿಗೆ ಕೆಮ್ಮಿನ ಔಷಧಿ ಕೊಡಲೂ ನನ್ನ ಕೈ ಬರುತ್ತಿರಲಿಲ್ಲ. ಅಮ್ಮ, "ಹೆತ್ತ ಮಗಳನ್ನ ಕಳ್ಸೋಕೂ ಬರ್ದಿದ್ದ ಗಂಡಸು ಅವ್ನು" ಎಂದಾಗ ನಾನು ಅಮ್ಮನ ಮೇಲೆ ಹರಿಹಾಯ್ದೆ. ಸಮುದ್ರದ ನಡುವೆ ಇದ್ದವನು ಹಾರಿ ಬರಲು ಆಗುತ್ತದೆಯೇ, ಅವನ ನೋವು ನಿನಗೇನು ಗೊತ್ತು ಎಂದೆ. ಅದಾದ ಮೇಲೆ ಅಮ್ಮ ನಿನ್ನ ಹೆಸರು ಎತ್ತಲಿಲ್ಲ. ಅಮ್ಮ ಹೇಳಿದ್ದೇ ಸರಿ ಎಂದು ಅವಳೆದುರು ಒಪ್ಪಿಕೊಳ್ಳೋಣವೆಂದರೆ ಈಗ ಅವಳಿಲ್ಲ.

ನಾನು ಎದ್ದು ಹೋಗಲಿಲ್ಲ. ತಟ್ಟೆಯಲ್ಲಿದ್ದ ಅನ್ನ, ಮೀನು ಎರಡನ್ನೂ ಮುಗಿಸಿದೆ. ನೀನು, "ಏನಾದ್ರೂ ಹೇಳೇ" ಎನ್ನುತ್ತಲೇ ಇದ್ದೆ. ಮೇಲೆ ಹೋಗಿ ಮತ್ತೊಂದು ಸಲ ತೊಟ್ಟಿ ತುಂಬಿಸಿ ಸ್ನಾನ ಮಾಡಿದೆ, ಇದ್ದ ಟವೆಲ್ಲುಗಳನ್ನೆಲ್ಲ ಒದ್ದೆ ಮಾಡಿದೆ, ತಬಾಕೊದ ವ್ಯಾನು ಹತ್ತಿದೆ. ವ್ಯಾನಿನಲ್ಲಿ ಪಕ್ಕದ ಹೆಂಗಸು ನನ್ನ ಅಂಗಿಯನ್ನು ಮುಟ್ಟಿ ನೋಡಿ, "ಬಣ್ಣ ಎಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಎಂದಳು. ಅಲ್ಲಿ ಅತ್ತುಬಿಟ್ಟೆ.

ಈಗ ನನ್ನ ಉತ್ತರ.

ನಾನು ನಿನಗೆ ಅಡ್ಡ ಬರುವುದಿಲ್ಲ. ನಿನ್ನ ಮಗ ಅಪ್ಪನ ಜೊತೆ ಕೆನಡಾಕ್ಕೆ ಹೋಗಲಿ, ಅವನ ಮೇಲೆ ನನಗೇನೂ ಇಲ್ಲ. ಆದರೆ ನನ್ನ ಅಳುವನ್ನು ನೀನು ಕೋರ್ಟಿಗೆ ಕೊಂಡೊಯ್ಯಲು ನಾನು ಬಿಡುವುದಿಲ್ಲ. ಇಲ್ಲಿಯ ವಕೀಲರೊಬ್ಬರನ್ನು ಕೇಳಿದೆ. ಗಂಡನಾಗಲಿ ಹೆಂಡತಿಯಾಗಲಿ, ಸಂಸಾರ ಮಾಡಲು ಆಗದವರು ಯಾರೇ ಆದರೂ ನಡೆಯುತ್ತದಂತೆ, ಅರ್ಜಿ ಹಾಕಿದವನೇ ಆದರೂ ಸರಿಯಂತೆ. ಹಾಗಾದರೆ ಅರ್ಜಿಯಲ್ಲಿ ನಿನ್ನ ಹೆಸರು ಬರೆಸು. ಮಗಳು ಸತ್ತಾಗ ಕೈಯಲ್ಲಿ ಟಿಕೆಟ್ ಇಟ್ಟುಕೊಂಡು ಟ್ಯಾಕ್ಸಿ ಹತ್ತಲು ಆಗದವನು, ಹೆಂಡತಿಯ ಮುಖ ನೋಡಲು ಆಗದವನು, ಅದನ್ನು ಹನ್ನೆರಡು ವರ್ಷ ಮುಚ್ಚಿಡಲು ಮಾತ್ರ ಆದವನು ಎಂದು ಬರೆಸು. ನಾನು ನನ್ನ ಖರ್ಚಿನಲ್ಲಿ ಮನಿಲಾಕ್ಕೆ ಬಂದು, ಬೈಬಲ್ ಮುಟ್ಟಿ, ಹೌದು ಎಂದು ಸಾಕ್ಷಿ ಹೇಳುತ್ತೇನೆ. ಒಂದು ಮಾತೂ ಹೆಚ್ಚಿಗೆ ಹೇಳುವುದಿಲ್ಲ.

ನೀನು ಹಾಗೆ ಬರೆಸುವುದಿಲ್ಲ ಎಂದು ನನಗೆ ಗೊತ್ತು. ಮನಸ್ಸು ಸರಿಯಿಲ್ಲ ಎಂದು ಒಂದು ಕಡೆ ದಾಖಲಾದರೆ ಮುಂದಿನ ಹಡಗಿನ ವೈದ್ಯರ ಪರೀಕ್ಷೆಯಲ್ಲಿ ನಿನಗೆ ತೊಂದರೆ. ನನಗಾದರೆ ಏನು ತೊಂದರೆ, ಮಾತ್ರೆ ಎಣಿಸಿ ಕೊಡುವವಳು, ಹುಚ್ಚಿ ಎಂದರೂ ನಡೆಯುತ್ತದೆ ಎಂದು ನೀನು ಯೋಚಿಸಿದ್ದೀಯ. ಕೆನಡಾವೋ ಹಡಗೋ, ನೀನೇ ಆರಿಸಿಕೋ. ನನ್ನನ್ನು ಇನ್ನು ಯಾವ ಊಟಕ್ಕೂ ಕರೆಯಬೇಡ.

ಊಟ ಬಹಳ ಚೆನ್ನಾಗಿತ್ತು. ಆ ಕಿನುನೊಟ್ ಮಾಡಿದವರು ಯಾರೋ ಗೊತ್ತಿಲ್ಲ, ಅವರ ಕೈ ತಣ್ಣಗಿರಲಿ. ಅಷ್ಟು ಒಳ್ಳೆಯ ಅಡುಗೆಯನ್ನು ನೀನು ಅಂಥ ಕೆಲಸಕ್ಕೆ ಬಳಸಿಕೊಂಡೆ ಎನ್ನುವುದು ನನಗೆ ನುಂಗಲು ಆಗುತ್ತಿಲ್ಲ. ನಿನ್ನೆ ಇಸ್ಯಾಂಗ್ ಲಾಯಿಂಗ್ ಮಾಡಿದ್ದಳು, ಒಂದು ತುತ್ತು ಇಳಿಯಲಿಲ್ಲ. ಅದೂ ನಿನ್ನಿಂದಲೇ ಹೋಯಿತು.

ಕಾನೂನಿನ ಲೆಕ್ಕದಲ್ಲಿ ಇವತ್ತಿಗೂ ನಿನ್ನ ಹೆಂಡತಿಯಾಗಿರುವ,
ಲಿಯೊನೋರ

ಮರೆತ ಮಾತು: ಡಾಕ್ಟರನ್ನು ಸುಳ್ಳು ಹೇಳಿ ಮೇಜಿಗೆ ಕರೆತಂದೆ ಎಂದು ಇಸ್ಯಾಂಗ್ ನಿನ್ನನ್ನು ದಿನವೂ ಬೈಯುತ್ತಾಳೆ. ಅವಳಿಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ. ಗ್ರಿಸೆಲ್ಡಾ ಮೇಡಂ ಯಾರೆಂದು ಮೊದಲ ಸಂಜೆಯೇ ನನಗೆ ಗೊತ್ತಾಗಿತ್ತು. ಹಿಂದೊಮ್ಮೆ ಕ್ರಿಸ್‌ಮಸ್ ಹೊತ್ತಿನ ಚಂಡಮಾರುತದಲ್ಲಿ ನಮ್ಮನ್ನೆಲ್ಲ ಶಾಲೆಯಲ್ಲಿ ಇರಿಸಿದ್ದಾಗ ಅವರು ಅಲ್ಲಿಗೆ ಬಂದಿದ್ದರು. ಮನಸ್ಸಿನಲ್ಲಿ ಇರುವುದನ್ನು ಹೇಳಿಕೊಳ್ಳಿ ಎಂದು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಿದ್ದರು. ನಾನೂ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬರುವ ಮುಂಚೆ ಅವರ ಗಾಡಿ ಬಂದುಬಿಟ್ಟಿತು. ಲೆಗಾಸ್ಪಿಯಲ್ಲಿ ಅವರನ್ನು ನೀನು ಯಾಕೆ ಕರೆದಿದ್ದೀಯ ಎಂದು ನಾನು ಯೋಚಿಸಲಿಲ್ಲ ಎಂದೇನಲ್ಲ, ಯೋಚಿಸಿದೆ. ಯೋಚಿಸಿಯೇ ಹೇಳಿದೆ. ರೊಸೆಲ್ ಬಗ್ಗೆ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.